ಹೇಳಿಕೆ ನಿಜವೆಂದೇ ಭಾವಿಸಿ

ದೊಡ್ಡ ಮೇಷ್ಟ್ರು ಮೇಜಿನ ಮೇಲೆ ಕೆನ್ನೆಯೊತ್ತಿ ಮಲಗಿಬಿಟ್ಟಿದ್ದರು.

ಆಕಾಶ ಕಳಚಿ ಬಿತ್ತೆಂದರೆ ಆ ಕೋಚಿಂಗ್ ಸೆಂಟರಿನಲ್ಲಿ ಯಾರಾದರೂ ನಂಬುತ್ತಿದ್ದರು, ಇದನ್ನು ನಂಬುತ್ತಿರಲಿಲ್ಲ. ಹಗಲಿನಲ್ಲಿ ರೆಪ್ಪೆ ಮಿಟುಕಿಸುವುದನ್ನೂ ಹೊತ್ತಿನ ಪೋಲು ಎಂದು ತಿಳಿದ ಮನುಷ್ಯ ಅವರು. ಅವರ ಆಳ್ವಿಕೆಯಲ್ಲಿ ಸೊಳ್ಳೆಗಳು ಕೂಡ ಗಂಟೆ ಹೊಡೆದ ಮೇಲೆ ಬಂದು, ಸಾಲಾಗಿ ನಿಂತು, ಕಚ್ಚಿ ಹೋಗುತ್ತಿದ್ದವು. ಅಂಥವರ ಕನ್ನಡಕ ಈಗ ಒಂದು ಕಿವಿಯಿಂದ ಜೋತಾಡುತ್ತಿತ್ತು. ಕೈ ಪಕ್ಕದಲ್ಲಿ ಲೋಟ ಉರುಳಿತ್ತು. ಉಳಿದಿದ್ದ ಚಹಾ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

ಹಲಗೆಗೆ ಬರೆಯುವ ಮಾರ್ಕರ್ ಪೆನ್ನು ತೆಗೆದುಕೊಳ್ಳಲು ಬಂದಿದ್ದ ‘ಆದ್ದರಿಂದ ಮೇಡಂ’ ಬಾಗಿಲಲ್ಲೇ ನಿಂತರು.

ಆಕೆ ಅಲ್ಲಿ ತರ್ಕದ ಪಾಠ ಹೇಳುವವರು. “ಎಲ್ಲ ಕುರ್ಚಿಗಳೂ ಮೇಜುಗಳು. ಎಲ್ಲ ಮೇಜುಗಳೂ ಮೋಡಗಳು. ಆದ್ದರಿಂದ...” ಎಂದು ಅವರು ಹಲಗೆಯ ಮೇಲೆ ವೃತ್ತ ಎಳೆದರೆ, ನೌಕರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಎದೆಬಡಿತ ಅರ್ಧ ನಿಂತುಹೋಗುತ್ತಿತ್ತು. ಒಮ್ಮೆ ಅವರ ‘ಆದ್ದರಿಂದ’ದ ಅಬ್ಬರಕ್ಕೆ ತಿರುಗುತ್ತಿದ್ದ ಫ್ಯಾನೇ ನಿಂತಿತ್ತು. ಕರೆಂಟು ಹೋಗಿತ್ತು ಎನ್ನುವವರೂ ಇದ್ದಾರೆ. ಅವರಿಗೆ ಮೇಡಂ ಗೊತ್ತಿಲ್ಲ.

ಮೇಡಂ ಮೇಷ್ಟ್ರ ಮೂಗಿನ ಮುಂದೆ ಬೆರಳು ಹಿಡಿದರು. ಉಸಿರಿತ್ತು. ಹೆಸರು ಹಿಡಿದು ಕೂಗಿದರು. ಭುಜ ಅಲುಗಿಸಿದರು. ಕೆನ್ನೆ ತಟ್ಟಿದರು. ಕಣ್ಣು ತೆರೆಯಲಿಲ್ಲ.

“ಅತ್ತಿಗೆ,” ಅವರು ಕೌಂಟರಿನಲ್ಲಿ ಕೂರುವ ಮೇಷ್ಟ್ರ ಅತ್ತಿಗೆಯನ್ನು ಕೂಗಿದರು. “ಆಂಬುಲೆನ್ಸಿಗೆ ಫೋನ್ ಮಾಡಿ. ಬೇಗ.”

* * *

ಆಸ್ಪತ್ರೆಯಿಂದ ಸುದ್ದಿ ಬಂತು. ನಿದ್ರೆ ಮಾತ್ರೆ. ಒಂದೆರಡಲ್ಲ, ಹೊಟ್ಟೆ ತುಂಬ. ಹೃದಯ ಮೊದಲೇ ಸೋತದ್ದು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು.

ಸುದ್ದಿಯ ಬೆನ್ನಿಗೇ ಇನ್ಸ್‌ಪೆಕ್ಟರು ಬಂದರು. ಅವರಿಗಿಂತ ಮೊದಲು ಅವರ ಮೀಸೆ ಮೆಟ್ಟಿಲು ಹತ್ತಿ ಬಂತು. ಬಡ್ತಿ ಪರೀಕ್ಷೆಗೆಂದು ಅವರೂ ಒಂದು ಕಾಲದಲ್ಲಿ ಮೇಡಂ ಕ್ಲಾಸಿನಲ್ಲಿ ಕುಳಿತವರೇ. ಎರಡು ಸಲ ತರ್ಕದ ಭಾಗದಲ್ಲೇ ಮುಗ್ಗರಿಸಿದ್ದರು. ಹಾಗಾಗಿ ಮೇಡಂ ಕಂಡರೆ ಇಂದಿಗೂ ಟೋಪಿ ತೆಗೆಯುವುದೋ, ಹಾಕಿಕೊಳ್ಳುವುದೋ ಎಂದು ತಡವರಿಸುತ್ತಿದ್ದರು. ಆದರೆ ಇಂದು ತಡವರಿಸಲಿಲ್ಲ.

“ಚಹಾ ತಂದಿದ್ದು ಯಾರು?”

ಬೆಂಚಿನ ಮೇಲೆ ಕುಳಿತಿದ್ದ ಮೇಡಂ ಅವರ ತಮ್ಮ ಎದ್ದು ನಿಂತ. “ನಾನೇ ಸರ್. ಕೆಳಗಡೆ ಅಂಗಡಿಯಿಂದ, ಫ್ಲಾಸ್ಕಲ್ಲಿ. ದಿನಾ ನಾನೇ ತರೋದು.”

ಓದಿಕೊಂಡೇ ಅಲ್ಲಿ ಆಫೀಸು ಕೆಲಸ ಮಾಡುತ್ತಿದ್ದವನು ಅವನು. ಲಿಖಿತ ಪರೀಕ್ಷೆ ದಾಟಿದ್ದ. ನಾಳೆ ಬೆಳಿಗ್ಗೆ ಸಂದರ್ಶನ. ಅದಕ್ಕೆಂದು ಇಸ್ತ್ರಿ ಮಾಡಿಸಿ ತಂದ ಅಂಗಿ ಅವನ ಬ್ಯಾಗಿನಿಂದ ಹೊರಬಂದು ಈಗ ಇನ್ಸ್‌ಪೆಕ್ಟರ ಮುಂದಿನ ಮೇಜಿನ ಮೇಲೆ ಬಿದ್ದಿತ್ತು. ಅಂಗಿಯ ಪಕ್ಕದಲ್ಲಿ ಬಾಚಣಿಗೆ. ಬಾಚಣಿಗೆಯ ಪಕ್ಕದಲ್ಲಿ ಒಂದು ಖಾಲಿ ಮಾತ್ರೆ ಶೀಟು.

“ಇದೇನಪ್ಪಾ?”

“ಅಮ್ಮಂದು ಸರ್. ಮುಗಿದಿದೆ, ಹೊಸದು ತಗೊಂಡು ಹೋಗ್ಬೇಕಿತ್ತು. ಖಾಲಿ ಶೀಟು ತೋರಿಸಿದ್ರೆ ತಾನೆ ಮೆಡಿಕಲ್ ಶಾಪಿನವರಿಗೆ ಗೊತ್ತಾಗೋದು.”

“ಏನು ಮಾತ್ರೆ?”

ತಮ್ಮ ಅಂಗಿಯ ಮಡಿಕೆ ಸರಿಮಾಡಿದ. “ನಿದ್ರೆ ಮಾತ್ರೆ.”

“ನಿನ್ನೆ ಮೇಷ್ಟ್ರ ಜೊತೆ ಜಗಳ ಆಯ್ತಂತೆ.”

“ಜಗಳ ಏನಿಲ್ಲ. ಖಾಲಿ ರೂಮಲ್ಲಿ ಫ್ಯಾನ್ ತಿರುಗ್ತಿತ್ತು ಅಂತ ಎಲ್ಲರ ಮುಂದೆ ಬೈದ್ರು.”

“ನೀನೇನಂದೆ?”

“ಚೆನ್ನಾಗಿ ನಿದ್ದೆ ಮಾಡಿ ಸರ್, ಕೋಪ ಕಡಿಮೆ ಆಗುತ್ತೆ ಅಂದೆ.”

ಹೇಳಿ ಮುಗಿಸಿದ ಮೇಲೆಯೇ ಅವನಿಗೆ ತನ್ನ ಬಾಯಿಂದ ಬಿದ್ದದ್ದು ಏನೆಂದು ಹೊಳೆದದ್ದು.

ಮೇಡಂ ಆ ಅಂಗಿಯನ್ನೇ ನೋಡಿದರು. ಇಂಥ ಕೇಸಿನಲ್ಲಿ ಹೆಸರು ಒಂದು ಸಲ ಠಾಣೆಯ ಬಾಗಿಲು ದಾಟಿದರೆ ಸಾಕು, ಸಂದರ್ಶನವೂ ಇಲ್ಲ, ನೌಕರಿಯೂ ಇಲ್ಲ. ಆಮೇಲೆ ನಿರಪರಾಧಿ ಎಂದು ಲೋಕವೇ ಡಂಗುರ ಸಾರಿದರೂ ಆ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತು ಚಹಾ ಕುಡಿಯುತ್ತಿರುತ್ತಾರೆ.

“ಲೋಟದ ಚಹಾ ಲ್ಯಾಬಿಗೆ ಕಳಿಸಿ,” ಮೇಡಂ ಹೇಳಿದರು.

“ಕಳಿಸ್ತೀನಿ. ವರದಿ ಬರೋಕೆ ವಾರ ಆಗುತ್ತೆ ಮೇಡಂ. ಅಲ್ಲೀವರೆಗೆ ನಾನು ಇವನನ್ನ ಬಿಟ್ಟು ಗೋಡೆ ನೋಡ್ಕೊಂಡು ಕೂತ್ಕೊಳ್ಳೋಕಾಗುತ್ತಾ?” ಇನ್ಸ್‌ಪೆಕ್ಟರು ಧ್ವನಿ ತಗ್ಗಿಸಿದರು. “ಜೀಪು ಮೇಷ್ಟ್ರ ಮನೆಯವರನ್ನ ಆಸ್ಪತ್ರೆಗೆ ಬಿಡೋಕೆ ಹೋಗಿದೆ. ವಾಪಸ್ ಬಂದ ತಕ್ಷಣ ಕರ್ಕೊಂಡು ಹೋಗ್ಬೇಕು. ಅದುವರೆಗೆ ನೀವು ಏನು ನೋಡ್ತೀರೋ ನೋಡಿ. ನಿಮ್ಮ ಋಣ ನನ್ನ ಮೇಲಿದೆ.”

“ಎರಡು ಸಲ ಫೇಲಾಗಿದ್ದಕ್ಕಾ?”

“ಮೂರನೇ ಸಲ ಪಾಸಾಗಿದ್ದಕ್ಕೆ.”

* * *

ಬೇರೆ ಯಾರೇ ಅಕ್ಕನಾಗಿದ್ದರೂ ‘ನಮ್ಮ ಹುಡುಗ ಅಂಥವನಲ್ಲ’ ಎಂದು ಊರು ಎದ್ದು ಕೂರುವಂತೆ ಅತ್ತಿರುತ್ತಿದ್ದಳು. ಮೇಡಂಗೆ ಆ ಭಾಗ್ಯವೂ ಇರಲಿಲ್ಲ. ವಾದ ಬಲವಾದದ್ದೋ ದುರ್ಬಲವೋ ಎಂದು ತೂಗುವುದನ್ನು ವರ್ಷಗಟ್ಟಲೆ ಕಲಿಸಿದವರು ಅವರು. ‘ಅಂಥವನಲ್ಲ’ ಎಂಬುದು ದುರ್ಬಲ. ‘ಚಿಕ್ಕಂದಿನಿಂದ ಬಲ್ಲೆ’ ಎಂಬುದು ಅದಕ್ಕಿಂತ ದುರ್ಬಲ. ‘ನನ್ನ ತಮ್ಮ’ ಎಂಬುದಂತೂ ವಾದವೇ ಅಲ್ಲ. ಅವರ ತಲೆಯೊಳಗಿನ ಕೆಂಪು ಪೆನ್ನು ಒಂದೊಂದನ್ನೇ ಹೊಡೆದುಹಾಕುತ್ತ ಹೋಯಿತು. ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಮನೆಗೆ ಫೋನ್ ಮಾಡಿದರು.

“ಅಮ್ಮಾ, ಬೆಳಿಗ್ಗೆ ಕೊಟ್ಟ ಶೀಟಲ್ಲಿ ಮಾತ್ರೆ ಇತ್ತಾ?”

“ಮುಗಿದಿತ್ತಲ್ಲ. ಇಲ್ಲ ತಾಳು, ಒಂದೆರಡು ಇತ್ತೇನೋ. ಯಾಕೆ, ನಿಂಗೂ ನಿದ್ದೆ ಬರ್ತಿಲ್ವಾ?”

“ಇತ್ತೋ, ಇರ್ಲಿಲ್ವೋ?”

“ಕನ್ನಡಕ ಹಾಕ್ಕೊಂಡಿರ್ಲಿಲ್ಲ ಕಣೆ. ಅವನು ಊಟ ಮಾಡಿದ್ನಾ?”

ಮೇಡಂ ಫೋನ್ ಇಟ್ಟರು. ಹೋಗಿ ತಮ್ಮನ ಮುಂದೆ ನಿಂತರು. ಕಾವಲಿಗಿದ್ದ ಪೇದೆ ಬೇರೆ ಕಡೆ ನೋಡಿದ.

“ನೀನೇ ಹಾಕಿದ್ಯಾ?”

ತಮ್ಮ ತಲೆಯೆತ್ತಿದ. ಅಕ್ಕನ ಮುಖದಲ್ಲಿ ತಮಾಷೆ ಹುಡುಕಿದ. ಸಿಗಲಿಲ್ಲ.

“ಇಲ್ಲ,” ಅಂದ.

“ಫ್ಲಾಸ್ಕ್ ಇಟ್ಟ ಮೇಲೆ ಎಲ್ಲಿಗೆ ಹೋದೆ?”

“ಕೆಳಗಡೆ ಜೆರಾಕ್ಸ್ ಅಂಗಡಿಗೆ. ಆಂಬುಲೆನ್ಸ್ ಬಂದಾಗ್ಲೇ ವಾಪಸ್ ಬಂದಿದ್ದು. ಅಂಗಡಿಯವನನ್ನೇ ಕೇಳು.”

“ಕೇಳ್ತೀನಿ.”

“ಗೊತ್ತು, ಕೇಳ್ತೀಯ,” ಅಂದ ತಮ್ಮ.

* * *

ಜೆರಾಕ್ಸ್ ಅಂಗಡಿಯವನು ‘ಬಂದಿದ್ದ, ಗಿರಾಕಿ ಗದ್ದಲದಲ್ಲಿ ನಡುವೆ ಹೋಗಿ ಬಂದನೋ ಗೊತ್ತಿಲ್ಲ’ ಅಂದ. ಆದರೆ ಆ ಮಹಡಿಯ ಲೆಕ್ಕ ಸರಳ. ಮೆಟ್ಟಿಲು ಹತ್ತಿದರೆ ಮೊದಲು ಹೂಕುಂಡಗಳು. ಆಮೇಲೆ ಕೌಂಟರು. ಕೌಂಟರಿನ ಹಿಂದೆ ಅತ್ತಿಗೆ. ಮೇಷ್ಟ್ರ ಅಣ್ಣನ ಹೆಂಡತಿ. ಮೇಷ್ಟ್ರು ಅತ್ತಿಗೆ ಎಂದು ಕರೆಯುತ್ತಿದ್ದರಿಂದ ಅಂಚೆಯವನಿಗೂ ಅವರು ಅತ್ತಿಗೆಯೇ. ಕೌಂಟರಿನಿಂದ ಮುಂದಕ್ಕೆ ನೇರ ಕಾರಿಡಾರು. ಅದರ ಒಂದೇ ಬದಿಗೆ ಕ್ಲಾಸಿನ ಬಾಗಿಲು, ಸ್ಟಾಫ್ ರೂಮಿನ ಬಾಗಿಲು, ಕೊನೆಯಲ್ಲಿ ಶೌಚಾಲಯ. ಅತ್ತಿಗೆಯ ಕಣ್ಣು ತಪ್ಪಿಸಿ ಆ ಕಾರಿಡಾರಿನಲ್ಲಿ ಇರುವೆ ಹೋಗಬೇಕಾದರೂ ವೇಷ ಮರೆಸಿಕೊಂಡೇ ಹೋಗಬೇಕು.

ಮೇಷ್ಟ್ರ ಅಭ್ಯಾಸವೂ ಎಲ್ಲರಿಗೂ ಬಾಯಿಪಾಠ. ಬಿಸಿ ಚಹಾ ಕುಡಿಯರು. ಲೋಟಕ್ಕೆ ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿ, ಹೂಕುಂಡಗಳಿಗೆ ನೀರು ಹಾಕಲು ಹೋಗುತ್ತಿದ್ದರು. ಪ್ರತಿ ಎಲೆಯನ್ನೂ ವಿಚಾರಿಸಿಕೊಂಡು ಬರುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು. ಸಕ್ಕರೆಯಿಲ್ಲದ, ಡಾಂಬರಿನಂತೆ ಕಪ್ಪಗಿನ ಆ ಚಹಾಕ್ಕೆ ಏನು ಬೆರೆಸಿದರೂ ರುಚಿ ಕೆಡುವ ಮಾತಿರಲಿಲ್ಲ. ಕೆಡಲು ಅದರಲ್ಲಿ ರುಚಿ ಇದ್ದರೆ ತಾನೆ.

ಮೇಡಂ ಕೌಂಟರಿನ ಮೇಲೆ ಬಗ್ಗಿದರು. ಅತ್ತಿಗೆ ಥಟ್ಟನೆ ಕಾಲು ಅಡ್ಡ ತಂದರು. ಆದರೆ ಮೇಡಂ ಕಣ್ಣು ಕಾಲಿಗಿಂತ ಚುರುಕು. ಕೆಳಗೆ, ಪೊರಕೆಯ ಹಿಂದೆ, ಒಂದು ಸಣ್ಣ ಲೋಟ. ಒಳಗೆ ಕಪ್ಪು ಚಹಾದ ಗೆರೆ ಇನ್ನೂ ಒದ್ದೆಯಾಗಿತ್ತು.

“ಇದೇನು ಅತ್ತಿಗೆ?”

ಅತ್ತಿಗೆಯ ಮುಖ ಸುಣ್ಣವಾಯಿತು. “ಲೋಟ.”

“ಕಾಣುತ್ತೆ. ಮೇಷ್ಟ್ರ ಫ್ಲಾಸ್ಕಿನ ಚಹಾ ಇದರಲ್ಲಿ ಹೇಗೆ ಬಂತು?”

ಅತ್ತಿಗೆ ಲೋಟವನ್ನು ಕಾಲಿನಿಂದಲೇ ಇನ್ನಷ್ಟು ಹಿಂದಕ್ಕೆ ತಳ್ಳಿದರು. ಆಸ್ತಿ, ಹಳೆಯ ಮುನಿಸು, ಮನೆಯ ಒಳಜಗಳ, ಎಲ್ಲವೂ ಕ್ಷಣದಲ್ಲಿ ಮೇಡಂ ಮನಸ್ಸಿನೊಳಗೆ ಸಾಲುಗಟ್ಟಿ ನಿಂತವು. ತಮ್ಮನ ಕೊರಳಿನ ಹಗ್ಗ ಇನ್ನೊಬ್ಬರ ಕೊರಳಿಗೆ ದಾಟುವುದನ್ನು ಕಂಡು ತಮಗೆ ಹಾಯೆನಿಸಿತಲ್ಲ ಎಂದು ನಾಚಿಕೆಯೂ ಆಯಿತು.

“ಯಾರಿಗೂ ಹೇಳ್ಬೇಡಮ್ಮಾ,” ಅತ್ತಿಗೆ ಪಿಸುಗುಟ್ಟಿದರು. “ಡಾಕ್ಟರು ಚಹಾ ಮುಟ್ಟಬಾರದು ಅಂದಿದ್ದಾರೆ. ಸೊಸೆ ಮುಂದೆ ಆಣೆ ಮಾಡಿಬಿಟ್ಟಿದ್ದೀನಿ. ಅವಳು ಮನೇಲಿ ಪುಡಿ ಡಬ್ಬಿಗೆ ಬೀಗ ಹಾಕಿದ್ದಾಳೆ. ಅದಕ್ಕೇ ದಿನಾ ನಿನ್ನ ತಮ್ಮ ಫ್ಲಾಸ್ಕ್ ಇಟ್ಟು ಕೆಳಗಿಳಿದ ಮೇಲೆ, ಮೈದುನ ಬಗ್ಗಿಸಿಕೊಳ್ಳೋ ಮುಂಚೆ, ಒಂದರ್ಧ ಲೋಟ...”

“ಇವತ್ತೂ?”

“ಇವತ್ತು ಮುಕ್ಕಾಲು.”

“ನಿದ್ದೆ ಬರ್ತಿದೆಯಾ?”

“ನಿದ್ದೆನಾ? ಇನ್ನೊಂದು ವಾರ ಬರಲ್ಲ.”

ಮೇಡಂ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು. “ಅತ್ತಿಗೆ, ಅದಾದ ಮೇಲೆ ಸ್ಟಾಫ್ ರೂಮಿಗೆ ಯಾರು ಹೋದ್ರು?”

“ಮೈದುನ ಒಬ್ಬನೇ. ಹೋದ, ಬಂದು ಕುಂಡಕ್ಕೆ ನೀರು ಹಾಕಿದ, ಮತ್ತೆ ಹೋದ. ನಿನ್ನ ತಮ್ಮ ಮೇಲೆ ಬರ್ಲೇ ಇಲ್ಲ. ಕಾರಿಡಾರಲ್ಲಿ ಒಂದು ನರಪಿಳ್ಳೆ ಓಡಾಡಿಲ್ಲ.”

* * *

ಇನ್ಸ್‌ಪೆಕ್ಟರು ಕೇಳಿಸಿಕೊಂಡರು. ಮೀಸೆ ತಿರುವಿದರು. ಮೇಡಂ ಮುಖದಲ್ಲಿ ಮೂಡಿದ್ದ ಬೆಳಕನ್ನು ನೋಡಿ ಅವರಿಗೇ ಪಾಪವೆನಿಸಿತು.

“ಒಂದು ನಿಮಿಷ ಮೇಡಂ. ನೀವೇ ಕಲಿಸಿದ ಹಾಗೆ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಫ್ಲಾಸ್ಕ್ ಸರಿ ಇತ್ತು ಅಂದ್ರೆ ಮಾತ್ರೆ ಲೋಟಕ್ಕೆ ಬಿದ್ದಿದೆ. ಮೇಷ್ಟ್ರು ನೀರು ಹಾಕೋ ಹೊತ್ತಲ್ಲಿ ಯಾರೋ ಒಳಗೆ ಹೋಗಿದ್ದಾರೆ. ಸರೀನಾ?”

“ಸರಿ.”

“ಆ ರೂಮಿಗೆ ಬಾಗಿಲು ಎರಡು. ಒಂದು ಕಾರಿಡಾರಿನದು. ಇನ್ನೊಂದು ಕ್ಲಾಸಿನ ಹಿಂಬದಿಯಿಂದ. ಆ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಶಾರ್ಟ್‌ಕಟ್ ಸರ್ ಕ್ಲಾಸಿನ ಕಾವಲಿಗೆ ಕೂತಿದ್ರು. ಇಡೀ ಕ್ಲಾಸು ಸಾಕ್ಷಿ. ಹಾಗಾಗಿ ಆ ಕಡೆಯಿಂದ ಯಾರೂ ಹೋಗಿಲ್ಲ. ಸರೀನಾ?”

“ಹೂಂ.”

“ಇನ್ನು ಕಾರಿಡಾರು. ಆ ಕಡೆಯಿಂದಲೂ ಯಾರೂ ಹೋಗಿಲ್ಲ ಅಂತಾರೆ ಅತ್ತಿಗೆ. ಎರಡೂ ಕಡೆ ಯಾರೂ ಹೋಗಿಲ್ಲ, ಆದ್ರೆ ಯಾರೋ ಹೋಗಿದ್ದಾರೆ. ಆದ್ದರಿಂದ,” ಅವರು ತಡೆದರು, “ಅತ್ತಿಗೆ ಸುಳ್ಳು ಹೇಳ್ತಿದ್ದಾರೆ. ನಿಮ್ಮ ತಮ್ಮನ ಮೇಲೆ ಅವರಿಗೆ ಪ್ರಾಣ ಅನ್ನೋದು ಊರಿಗೇ ಗೊತ್ತು.”

ಜನ್ಮದಲ್ಲಿ ಮೊದಲ ಸಲ ಈ ಮನುಷ್ಯ ಒಂದು ಹೆಜ್ಜೆಯೂ ತಪ್ಪದೆ ತರ್ಕ ಮಾಡಿದ್ದ, ಅದೂ ಇಂದೇ. ನೂರಕ್ಕೆ ನೂರು ಕೊಡಬೇಕಾದ ಉತ್ತರ. ಮೇಡಂಗೆ ಅಳು ಬಂತು.

ಪಕ್ಕದಲ್ಲಿ ನಿಂತಿದ್ದ ಶಾರ್ಟ್‌ಕಟ್ ಸರ್ ತಲೆಯಾಡಿಸಿದರು. ಯಾವ ಪ್ರಶ್ನೆಯನ್ನಾದರೂ ಓದದೆಯೇ ಬಿಡಿಸುವ ಉಪಾಯ ಹೇಳಿಕೊಡುವವರು ಅವರು. ಇಡೀ ದೇಶಕ್ಕೆ ಮೂರನೇ ರ‍್ಯಾಂಕು ಬಂದವರೆಂದು ಖ್ಯಾತಿ. ಅಂಗಿಯ ತೋಳಿನ ತುದಿಗೆ ಎಲ್ಲ ಮೇಷ್ಟ್ರುಗಳಿಗೂ ಅಂಟುವಂಥ ಬಿಳಿ ಪುಡಿ ಅಂಟಿತ್ತು.

“ಬೇಜಾರಾಗುತ್ತೆ ಮೇಡಂ,” ಅಂದರು. “ಆದ್ರೆ ನಾನು ಕುರ್ಚಿ ಬಿಟ್ಟು ಅಲುಗಿಲ್ಲ. ಒಂದೊಂದು ತಲೆಯನ್ನೂ ನೋಡ್ತಾನೇ ಇದ್ದೆ. ಎಂಥ ಮೌನ ಅಂತೀರಿ. ಇಡೀ ಗಂಟೆ ಒಬ್ಬರೂ ಕೈ ಎತ್ತಿಲ್ಲ, ಒಂದು ಡೌಟು ಕೇಳಿಲ್ಲ.”

ಕೆಳಗೆ ರಸ್ತೆಯಲ್ಲಿ ಜೀಪಿನ ಹಾರನ್ನು ಕೇಳಿಸಿತು. ಅದಲ್ಲ, ಬೇರೆ ಯಾವುದೋ ಗಾಡಿ. ಮೇಡಂ ಕಿಟಕಿಯಿಂದ ಈಚೆ ಬಂದರು.

ಎಲ್ಲ ಕೊಂಡಿಯೂ ಸರಿ. ತೀರ್ಮಾನ ಮಾತ್ರ ತಪ್ಪು. ಸುಳ್ಳು ಹೇಳಲು ಹೊರಟವರು ಆಣೆ ಮುರಿದ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಹಾಗಾದರೆ ತಪ್ಪು ಕೊಂಡಿಯಲ್ಲಿಲ್ಲ, ಹೇಳಿಕೆಯಲ್ಲಿದೆ. ಯಾವ ಹೇಳಿಕೆ?

ಅವರ ಕಣ್ಣು ಕಾರಿಡಾರಿನ ಗೋಡೆಯ ಮೇಲೆ ನಿಂತಿತು. ಅಲ್ಲಿ ನಾಲ್ಕು ಮೂಲೆಯಲ್ಲಿ ಅಂಟಿನ ಗುರುತು, ನಡುವೆ ಸುತ್ತಲಿನದಕ್ಕಿಂತ ಬೆಳ್ಳಗಿನ ಚೌಕ. ನಿನ್ನೆಯವರೆಗೆ ಅಲ್ಲಿ ಶಾರ್ಟ್‌ಕಟ್ ಸರ್ ಭಾವಚಿತ್ರ ಇತ್ತು. ಬಾಗಿಲಿಗಿಂತ ದೊಡ್ಡದು, ಅದರೊಳಗಿನ ನಗು ಇನ್ನೂ ದೊಡ್ಡದು.

“ಅತ್ತಿಗೆ, ಈ ಪಟ ಯಾರು ತೆಗೆದಿದ್ದು?”

“ಮೈದುನನೇ. ಬೆಳಿಗ್ಗೆ ಸ್ಟೂಲು ಹತ್ತಿ ಕಿತ್ತ. ಯಾಕೋ ಅಂದ್ರೆ, ಮಧ್ಯಾಹ್ನ ಪೋಷಕರ ಸಭೇಲಿ ಹೇಳ್ತೀನಿ ಅತ್ತಿಗೆ ಅಂದ. ಮುಖ ಗಂಟು ಹಾಕ್ಕೊಂಡಿದ್ದ.”

ಮೇಡಂ ಇನ್ಸ್‌ಪೆಕ್ಟರ ಕಿವಿಯಲ್ಲಿ ಏನೋ ಹೇಳಿದರು. ಇನ್ಸ್‌ಪೆಕ್ಟರು ಫೋನ್ ಹಿಡಿದು ಮೆಟ್ಟಿಲ ಕಡೆ ಹೋದರು. ಮೇಡಂ ಕ್ಲಾಸಿಗೆ ನಡೆದರು.

* * *

ಸುಮಾರು ಇಪ್ಪತ್ತೈದು ತಲೆಗಳು. ಎಲ್ಲ ಒಂದೇ ದಿಕ್ಕಿಗೆ. ಆ ಸೆಂಟರಿನ ಕಟ್ಟಳೆಯೇ ಹಾಗೆ. ಅಭ್ಯಾಸದ ಹೊತ್ತಿನಲ್ಲಿ ಕಾವಲಿನ ಮೇಷ್ಟ್ರು ಹಿಂದೆ ಕೂರುತ್ತಾರೆ. ಹಿಂದಕ್ಕೆ ತಿರುಗಿದವರು ಅಂದೇ ಮನೆಗೆ. ನಿಜವಾದ ಪರೀಕ್ಷೆಯಲ್ಲಿ ತಿರುಗಿದರೆ ನಕಲೆಂದು ಹೊರಹಾಕುತ್ತಾರೆ, ಕುತ್ತಿಗೆಗೆ ಇಲ್ಲಿಂದಲೇ ಬುದ್ಧಿ ಬರಲಿ ಎಂಬುದು ದೊಡ್ಡ ಮೇಷ್ಟ್ರ ವಾದ. ಅಲ್ಲಿ ಓದಿ ಹೋದವರು ರಸ್ತೆಯಲ್ಲಿ ಹಿಂದಿನಿಂದ ಲಾರಿ ಹಾರನ್ನು ಹೊಡೆದರೂ ತಿರುಗುವುದಿಲ್ಲ ಎಂದು ಪ್ರತೀತಿ.

“ಶಾರ್ಟ್‌ಕಟ್ ಸರ್ ಎಲ್ಲಿದ್ರು?” ಮೇಡಂ ಕೇಳಿದರು.

“ಹಿಂದೆ,” ಎಂದಿತು ಇಡೀ ಕ್ಲಾಸು.

“ಯಾರು ನೋಡಿದ್ರಿ?”

ಕಣ್ಣುಗಳೆಲ್ಲ ಹಲಗೆಯ ಕಡೆ ಹೋದವು.

“ಅಲ್ಲೇ ಇದ್ರು ಮೇಡಂ,” ಮುಂದಿನ ಸಾಲಿನವನು ಹೇಳಿದ. “ಶುರುವಲ್ಲಿ ಅವರೇ ಹೇಳಿದ್ರು, ನಾನು ಹಿಂದೆ ಕೂತಿದ್ದೀನಿ ಅಂತ.”

“ಅವರು ಹೇಳಿದ್ರು. ನೀನು ನೋಡಿದ್ಯಾ?”

ಅವನು ತಲೆ ಕೆರೆದುಕೊಂಡ. ಆ ಪ್ರಶ್ನೆ ಅವನಿಗೆ ಅರ್ಥವೇ ಆಗಿರಲಿಲ್ಲ. ಅವರ ತರ್ಕದ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ನೆತ್ತಿಯ ಮೇಲೂ ಒಂದು ಸಾಲು ಇರುತ್ತಿತ್ತು: ಕೊಟ್ಟಿರುವ ಹೇಳಿಕೆ ವಾಸ್ತವಕ್ಕೆ ವಿರುದ್ಧವಾಗಿ ಕಂಡರೂ ನಿಜವೆಂದೇ ಭಾವಿಸಿ. ಕುರ್ಚಿಗಳೆಲ್ಲ ಮೇಜುಗಳೆಂದರೆ ಮೇಜುಗಳೇ. ಮೇಜುಗಳೆಲ್ಲ ಮೋಡಗಳೆಂದರೆ ಮೋಡಗಳೇ. ಸರ್ ಹಿಂದೆ ಇದ್ದಾರೆಂದರೆ ಇದ್ದಾರೆ. ಇದನ್ನು ಇವರ ತಲೆಗೆ ಇಳಿಸಿದವರು ಬೇರೆ ಯಾರೂ ಅಲ್ಲ. ಮೇಡಂ ತಾವೇ.

“ಸರಿ,” ಅವರು ನಿಧಾನವಾಗಿ ಕೇಳಿದರು. “ಆ ಹೊತ್ತಲ್ಲಿ ಯಾರಾದ್ರೂ ಕೈ ಎತ್ತಿದ್ರಾ?”

ಒಂದು ಕೈ ಮೇಲೆದ್ದಿತು. ‘ಡೌಟು’ ಎಂದೇ ಎಲ್ಲರೂ ಕರೆಯುವ ಹುಡುಗಿ. ಉಸಿರಾಡುವ ಮುನ್ನವೂ ಆಡಬಹುದೇ ಎಂದು ಕೇಳುವವಳು.

“ನಾನು ಎತ್ತಿದ್ದೆ ಮೇಡಂ. ತುಂಬಾ ಹೊತ್ತು. ಈ ಕೈ ನೋವು ಬಂದು ಆ ಕೈ ಎತ್ತಿದೆ. ಆ ಕೈನೂ ನೋವು ಬಂತು.”

“ಸರ್ ಬರ್ಲಿಲ್ವಾ?”

“ಇಲ್ಲ. ನನ್ನ ಡೌಟು ಕೇಳಿ ಕೇಳಿ ಸಾಕಾಗಿದೆ ಅಂತ ಬೇಕಂತಲೇ ಸುಮ್ನಿದ್ದಾರೆ ಅಂದ್ಕೊಂಡೆ.”

“ಪೊಲೀಸಿನವರಿಗೆ ಯಾಕೆ ಹೇಳ್ಲಿಲ್ಲ?”

“ಅವರು ಕೈ ಬಗ್ಗೆ ಕೇಳ್ಲಿಲ್ಲ ಮೇಡಂ.”

“ಏನಾಗಿತ್ತು ನಿನ್ನ ಡೌಟು?”

“ಕೆಲವು ಅಂದ್ರೆ ಎಲ್ಲ ಅಂತಲೂ ಇರ್ಬಹುದಾ ಅಂತ.”

“ಇರ್ಬಹುದು,” ಎಂದು ಮೇಡಂ ಕ್ಲಾಸಿನ ಹಿಂಬದಿಗೆ ನಡೆದರು. ಅಲ್ಲಿ ಬಾಗಿಲಿಗೆ ಅಂಟಿದಂತೆ ಕಾವಲಿನ ಮೇಜು. ಅದರ ಮೇಲೆ ಬಗ್ಗಿ, ತುಂಬ ಹೊತ್ತು ನೋಡಿದರು. ಮುಟ್ಟಲಿಲ್ಲ.

* * *

ಈ ಸಲ ಬಂದದ್ದು ಜೀಪೇ. ಮೆಟ್ಟಿಲಲ್ಲಿ ಬೂಟಿನ ಸದ್ದು. ಪೇದೆ ತಮ್ಮನ ತೋಳು ಹಿಡಿದ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಐದು ನಿಮಿಷ,” ಮೇಡಂ ಹೇಳಿದರು. “ಒಂದೇ ಒಂದು ಅಭ್ಯಾಸ. ಇನ್ಸ್‌ಪೆಕ್ಟರು ಕಾವಲಿಗೆ ಕೂರ್ತಾರೆ. ಶಾರ್ಟ್‌ಕಟ್ ಸರ್, ನೀವು ಇಲ್ಲಿ ಮುಂದೆ, ನನ್ನ ಪಕ್ಕ ಬನ್ನಿ. ಹಲಗೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ.”

ಶಾರ್ಟ್‌ಕಟ್ ಸರ್ ನಕ್ಕರು. ಬಂದು ನಿಂತರು.

ಮೇಡಂ ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರು. “ಇನ್ಸ್‌ಪೆಕ್ಟರು ಹಿಂದೆ ಕೂತಿದ್ದಾರೆ. ಬಿಡಿಸಿ.”

ಇಪ್ಪತ್ತೈದು ತಲೆಗಳು ಬಗ್ಗಿದವು. ಮೌನ ಎಷ್ಟಿತ್ತೆಂದರೆ, ಪಕ್ಕದ ಬೀದಿಯಲ್ಲಿ ಯಾರೋ ಆಕಳಿಸಿದ್ದು ಇಲ್ಲಿಗೆ ಕೇಳಿಸಿತು. ಮೇಡಂ ಮಾರ್ಕರಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಇನ್ಸ್‌ಪೆಕ್ಟರು ಎಲ್ಲಿದ್ದಾರೆ?”

“ಹಿಂದೆ,” ಎಂದಿತು ಇಡೀ ಕ್ಲಾಸು.

ಮುಂದಿನ ಬಾಗಿಲು ತೆರೆಯಿತು. ಮೊದಲು ಮೀಸೆ ಬಂತು, ಆಮೇಲೆ ಇನ್ಸ್‌ಪೆಕ್ಟರು. ಕೈಯಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲಿದ್ದ ತಟ್ಟೆ. ದೊಡ್ಡ ಮೇಷ್ಟ್ರು ಲೋಟಕ್ಕೆ ಮುಚ್ಚುತ್ತಿದ್ದದ್ದು.

“ಆ ಬಾಗಿಲು ಸದ್ದೇ ಮಾಡಲ್ಲ,” ಅಂದರು ಇನ್ಸ್‌ಪೆಕ್ಟರು. “ಕೀಲಿಗೆ ಯಾರು ಎಣ್ಣೆ ಬಿಡ್ತಾರೋ, ಚೆನ್ನಾಗಿ ಬಿಟ್ಟಿದ್ದಾರೆ.”

ಶಾರ್ಟ್‌ಕಟ್ ಸರ್ ಇನ್ನೂ ನಗುತ್ತಲೇ ಇದ್ದರು. “ಒಳ್ಳೆ ಆಟ. ಆದ್ರೆ ಮೇಡಂ, ಇರ್ಬಹುದು ಅನ್ನೋದು ಇದೆ ಅಂತ ಆಗಲ್ಲ. ನೀವೇ ಹೇಳ್ಕೊಡ್ತೀರಲ್ಲ.”

“ಹೌದು, ಆಗಲ್ಲ. ಅದಕ್ಕೇ ಮುಂದೆ ಕೇಳಿ. ಒಬ್ಬರೂ ಕೈ ಎತ್ತಿಲ್ಲ ಅಂದ್ರಿ. ಈ ಹುಡುಗಿ ಎರಡೂ ಕೈ ಸೋಲೋವರೆಗೆ ಎತ್ತಿದ್ದಾಳೆ. ಕೂತಿದ್ದವರಿಗೆ ಅದು ಕಾಣಲೇಬೇಕು. ನಿಮಗೆ ಕಂಡಿಲ್ಲ. ಆದ್ದರಿಂದ ಆ ಹೊತ್ತಲ್ಲಿ ನೀವು ಕುರ್ಚಿಯಲ್ಲಿರಲಿಲ್ಲ.”

“ಶೌಚಾಲಯಕ್ಕೆ ಹೋಗಿರ್ಬಹುದು. ಮರೆತಿರ್ತೀನಿ.”

“ಶೌಚಾಲಯ ಕಾರಿಡಾರಿನ ಕೊನೇಲಿದೆ. ಅತ್ತಿಗೆ ಕಣ್ಣಿಗೆ ಬೀಳ್ದೆ ಹೋಗೋಕಾಗಲ್ಲ. ಕ್ಲಾಸಿನ ಮುಂದಿನ ಬಾಗಿಲು ಇವರೆಲ್ಲರ ಎದುರಿಗಿದೆ, ಅಲ್ಲೂ ಹೋಗಿಲ್ಲ. ಕುರ್ಚಿಯಲ್ಲಿಲ್ಲ, ಕಾರಿಡಾರಿನಲ್ಲಿಲ್ಲ. ಉಳಿದಿದ್ದು ಒಂದೇ ಬಾಗಿಲು. ನಾವೆಲ್ಲ ನಿಮ್ಮನ್ನ ಅದರ ಕಾವಲುಗಾರ ಅಂದ್ಕೊಂಡ್ವಿ. ಇಡೀ ಕ್ಲಾಸು ಸಾಕ್ಷಿ ಅಂತ ಇನ್ಸ್‌ಪೆಕ್ಟರು ಹೇಳಿದ್ರು. ಇಪ್ಪತ್ತೈದಲ್ಲ, ಒಂದೇ. ನೀವು ಹೇಳಿದ ಮಾತನ್ನೇ ಇವರು ಇಪ್ಪತ್ತೈದು ಸಲ ವಾಪಸ್ ಹೇಳಿದ್ದಾರೆ.”

ಮೇಡಂ ಅವರ ತೋಳಿನ ಕಡೆ ನೋಡಿದರು.

“ನಿಮ್ಮ ತೋಳಿಗೆ ಏನಂಟಿದೆ ಸರ್?”

ಶಾರ್ಟ್‌ಕಟ್ ಸರ್ ತೋಳು ನೋಡಿಕೊಂಡರು. “ಸೀಮೆಸುಣ್ಣ. ಮೇಷ್ಟ್ರ ಕೈಗೆ ಇನ್ನೇನು ಅಂಟುತ್ತೆ?”

ಮೇಡಂ ಕೈಯಲ್ಲಿದ್ದ ಮಾರ್ಕರನ್ನು ಎತ್ತಿ ಹಿಡಿದರು. “ಈ ಮಹಡೀಲಿ ಸೀಮೆಸುಣ್ಣ ಬಳಸೋದು ಬಿಟ್ಟು ವರ್ಷಗಳಾಯ್ತು. ದೊಡ್ಡ ಮೇಷ್ಟ್ರಿಗೆ ಧೂಳು ಆಗಲ್ಲ ಅಂತ ಬಿಳಿ ಹಲಗೆ ಹಾಕ್ಸಿದ್ದು. ಆ ಹಿಂದಿನ ಮೇಜಿನ ಸಂದೀಲೂ, ಮಾತ್ರೆ ಪುಡಿ ಮಾಡಿದ ಕಡೆ, ಇದೇ ಪುಡಿ ಇದೆ. ಕ್ಲಾಸಲ್ಲಿರೋ ಬಿಳಿ ಪುಡಿ ಎಲ್ಲಾ ಸೀಮೆಸುಣ್ಣ ಅಂತ ಬೆಳಿಗ್ಗೆಯಿಂದ ನಾವೆಲ್ಲ ನೋಡಿಯೂ ನೋಡದ ಹಾಗೆ ಓಡಾಡಿದ್ದೀವಿ. ನಾನೂ ಸೇರಿ.”

ಆ ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಯಾರೋ ಅಲ್ಲಿಟ್ಟು ಮರೆತು ಹೋದಂತೆ ಇತ್ತು.

ಇನ್ಸ್‌ಪೆಕ್ಟರು ಕೆಮ್ಮಿದರು. “ಪರೀಕ್ಷೆ ಕಚೇರಿಗೆ ಫೋನ್ ಮಾಡಿದ್ದೆ. ನೀವು ಹೇಳೋ ವರ್ಷ ಮೂರನೇ ರ‍್ಯಾಂಕು ಬಂದಿದ್ದು ಒಬ್ಬ ಹೆಂಗಸಿಗೆ. ಆ ಪಟ್ಟಿಯ ಬಾಲದಲ್ಲೂ ನಿಮ್ಮ ಹೆಸರಿಲ್ಲವಂತೆ. ಒಂದು ವಾರದ ಕೆಳಗೆ ದೊಡ್ಡ ಮೇಷ್ಟ್ರೂ ಇದನ್ನೇ ಕೇಳಿದ್ರಂತೆ.”

ಪೇದೆ ತಮ್ಮನ ತೋಳು ಬಿಟ್ಟ. ಬಿಟ್ಟು, ಎರಡು ಹೆಜ್ಜೆ ಮುಂದೆ ಬಂದ.

“ಸಾಯ್ಲಿ ಅಂತ ಅಲ್ಲ,” ಶಾರ್ಟ್‌ಕಟ್ ಸರ್ ಹೇಳಿದರು. ಅವರ ದನಿ ಹಲಗೆಗಷ್ಟೇ ಕೇಳುವಂತಿತ್ತು. “ನಿನ್ನೆ ಸಂಜೆ ಕರೆದು ಹೇಳಿದ್ರು. ಸಭೇಲಿ ನೀನೇ ಹೇಳ್ತೀಯೋ, ನಾನು ಹೇಳ್ಲೋ ಅಂತ. ಎಲ್ಲರ ಅಪ್ಪ ಅಮ್ಮಂದಿರ ಮುಂದೆ. ಈ ಮಧ್ಯಾಹ್ನ ಒಂದು ದಾಟಿದ್ರೆ ಸಾಕಿತ್ತು ನನಗೆ. ಸಂಜೆ ಹೊತ್ತಿಗೆ ಗಂಟುಮೂಟೆ ಕಟ್ಟಿ ಹೊರಟುಹೋಗ್ತಿದ್ದೆ. ಅವರ ಹೃದಯದ ವಿಷಯ ನನಗೆ ಗೊತ್ತಿರ್ಲಿಲ್ಲ.”

“ಈ ಹುಡುಗನ ಬ್ಯಾಗಲ್ಲಿ ಶೀಟು ಸಿಕ್ಕಿದಾಗ?” ಇನ್ಸ್‌ಪೆಕ್ಟರು ಕೇಳಿದರು. “ಅದು ಗೊತ್ತಾಯ್ತಲ್ಲ?”

ಶಾರ್ಟ್‌ಕಟ್ ಸರ್ ಹಲಗೆಯ ಕಡೆ ತಿರುಗಿದರು. ಪ್ರಶ್ನೆ ಓದದೆ ಬಿಡಿಸುವ ಉಪಾಯ ಅದಕ್ಕೆ ಇರಲಿಲ್ಲ.

* * *

ಜೀಪು ಹೋಯಿತು. ಸಂಜೆಯಾಗುವ ಮುನ್ನ ಆಸ್ಪತ್ರೆಯಿಂದ ಫೋನ್ ಬಂತು. ದೊಡ್ಡ ಮೇಷ್ಟ್ರು ಕಣ್ಣು ತೆರೆದಿದ್ದರು. ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ ನರ್ಸಿಗೆ ಬೈದಿದ್ದರಂತೆ. ಅತ್ತಿಗೆ ಕುಂಡಗಳ ಪಕ್ಕ ಕುಳಿತು, ಇನ್ನು ಬಚ್ಚಿಡಲು ಏನೂ ಉಳಿದಿಲ್ಲವೆಂದು, ಎಲ್ಲರೆದುರಿಗೇ ಒಂದು ತುಂಬಿದ ಲೋಟ ಚಹಾ ಕುಡಿದರು.

ಅಕ್ಕ ತಮ್ಮ ಮನೆಯ ಕಡೆ ನಡೆದರು. ಇಸ್ತ್ರಿ ಅಂಗಿ ಬ್ಯಾಗಿನೊಳಗೆ ಮುದುಡದಂತೆ ತಮ್ಮ ಅದನ್ನು ತೋಳಿನ ಮೇಲೆ ಹಾಕಿಕೊಂಡಿದ್ದ. ಅಂಗಡಿಗಳು ದೀಪ ಹಚ್ಚುತ್ತಿದ್ದವು.

“ಬೆಳಿಗ್ಗೆ ಬೇಗ ಎಬ್ಬಿಸ್ಬೇಕಾ?” ಮೇಡಂ ಕೊನೆಗೆ ಕೇಳಿದರು.

“ಬೇಡ. ನಿದ್ದೆ ಬಂದ್ರೆ ತಾನೆ.”

ಮತ್ತೊಂದು ತಿರುವು ಕಳೆಯಿತು.

“ನೀನು ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕ,” ತಮ್ಮ ರಸ್ತೆ ನೋಡುತ್ತಲೇ ಹೇಳಿದ. “ಕೇಳ್ಬೇಕು. ಅದು ನಿನ್ನ ಕೆಲಸ. ಕೇಳಿದ ಮೇಲೆ, ಹೌದು ಅಂದ್ರೂ ಅಂದೇನು ಅನ್ನೋ ಹಾಗೆ, ಉತ್ತರಕ್ಕೆ ಕಾದೆಯಲ್ಲ, ಅದೇ.”

ಊರಿಗೆಲ್ಲ ವಾದದ ಬಲಾಬಲ ತೂಗಿ ಕೊಟ್ಟ ಮೇಡಂ ನಡೆಯುತ್ತ ನಡೆಯುತ್ತ ಒಂದೊಂದೇ ಉತ್ತರ ಎತ್ತಿ ನೋಡಿದರು. ಕಾಯದಿದ್ದರೆ ಬಿಡಿಸಲಾಗುತ್ತಿರಲಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು, ಬಲವಾದದ್ದೂ ಆಗಿತ್ತು. ಅವರು ಅದನ್ನು ಆಡಲಿಲ್ಲ.

“ಕಾದೆ,” ಅಂದರು.

ಅವನು ತೋಳಿನ ಮೇಲಿದ್ದ ಅಂಗಿಯನ್ನು ಅಕ್ಕನ ಕೈಗೆ ಕೊಟ್ಟ. “ಹಿಡ್ಕೋ. ನನ್ನ ಕೈ ಬೆವರ್ತಿದೆ,” ಅಂದ.

ಮೇಡಂ ಎರಡೂ ಕೈ ಚಾಚಿ, ಒಂದು ಗೆರೆಯೂ ಕೆಡದಂತೆ ಅದನ್ನು ಹಿಡಿದುಕೊಂಡು ಮನೆಯವರೆಗೂ ನಡೆದರು.